ಯಾಕೆಂದು ಕೇಳಬಾರದು

ಕಣ್ಣು ಮುಚ್ಚಿ ಹಗ್ಗ ಹಿಡಿದು ನಡೆಯುತ್ತಿದ್ದ ರೆಯ್ನಾಳ ಮುಖಕ್ಕೆ ಅಮ್ಮನ ಒದ್ದೆ ಲಂಗ ಬಂದು ಬಡಿಯಿತು.

"ಅಮ್ಮಾ, ಇದು ಬಟ್ಟೆ ಒಣಗಿಸೋ ಹಗ್ಗ ಅಲ್ಲ."

"ಮತ್ತಿನ್ನೇನು? ಪಪ್ಪಾಯ ಗಿಡದಿಂದ ಬೇಲಿಗೆ, ಬೇಲಿಯಿಂದ ಕೋಳಿಗೂಡಿಗೆ ಕಟ್ಟಿದೀಯ. ನಲವತ್ತು ದಾಟಿದೋಳು ಹಿತ್ತಲಲ್ಲಿ ಕಣ್ಣಾಮುಚ್ಚಾಲೆ ಆಡ್ತೀಯ, ನಾನು ಬಟ್ಟೆನಾದ್ರೂ ಹಾಕ್ಕೋತೀನಿ ಬಿಡು," ಎಂದಳು ಅಮ್ಮ ದೊನ್ಯಾ ಕಾಂದೆಲಾರಿಯಾ, ಜೋಳದ ಟೊರ್ಟಿಯಾ ತಟ್ಟುವುದನ್ನು ನಿಲ್ಲಿಸದೆ.

ರೆಯ್ನಾ ತುಲುಂ ಊರಿನ ಕಡಲಲ್ಲಿ ಪ್ರವಾಸಿಗರಿಗೆ ಹವಳ ತೋರಿಸುವ ಡೈವರ್. ಕಡಲು ಅವಳಿಗೆ ಸಾಕಾಗಿತ್ತು. ಹಿತ್ತಲಿನಾಚೆಯ ಕಾಡಿನಲ್ಲಿ ಒಂದು ಸೆನೋಟೆ ಇದೆ, ಸುಣ್ಣಕಲ್ಲು ಕುಸಿದು ಬಾಯ್ತೆರೆದ ನೀರಿನ ಹೊಂಡ. ಅವಳು ಚಿಕ್ಕವಳಿದ್ದಾಗ ಅಪ್ಪ ಅದರಿಂದ ನೀರು ಸೇದುತ್ತ, "ಇದು ನಿಂತ ನೀರಲ್ಲ ಮಗಳೇ, ಎಲ್ಲಿಂದಲೋ ಬಂದು ನಮ್ಮನ್ನ ಒಂದ್ಸಲ ನೋಡ್ಕೊಂಡು ಹೋಗ್ತಾ ಇದೆ" ಎನ್ನುತ್ತಿದ್ದ. ಅಪ್ಪ ಹೋದ. ಆ 'ಎಲ್ಲಿಂದಲೋ' ಮಾತ್ರ ಮಗಳಲ್ಲಿ ಉಳಿದುಕೊಂಡಿತು. ಅದನ್ನು ಕಣ್ಣಾರೆ ನೋಡಬೇಕೆಂದರೆ ನೀರಿನಡಿಯ ಗುಹೆಯೊಳಗೆ ಹೋಗಬೇಕು. ಅಲ್ಲಿ ತಲೆಯ ಮೇಲೆ ಬಂಡೆ. ಗಾಬರಿಯಾಯಿತೆಂದು ಸೀದಾ ಮೇಲೆದ್ದು ಬರುವ ಹಾಗಿಲ್ಲ. ಅದಕ್ಕೆ ತರಬೇತಿಯೇ ಬೇರೆ, ಕಲಿಸುವವರೇ ಬೇರೆ.

ಗುರು ಹುಡುಕುವುದು ಗಂಡು ಹುಡುಕುವುದಕ್ಕಿಂತ ಕಷ್ಟವಾಯಿತು. ಒಬ್ಬ ಒಂದೇ ವಾರದಲ್ಲಿ ಎಲ್ಲ ಕಲಿಸಿಬಿಡುತ್ತೇನೆಂದ. ಇನ್ನೊಬ್ಬ ತಾನು ಮುಟ್ಟಿಬಂದ ಆಳಗಳನ್ನೇ ವರ್ಣಿಸುತ್ತ ಇವಳ ಹೆಸರು ಕೇಳುವುದನ್ನೂ ಮರೆತ. ಕೊನೆಗೆ ಸಿಕ್ಕಿದವಳು ಎರ್ಮಿಲಾ ತುಸ್, ಸದಾ ಕುಂಬಳಬೀಜ ಜಗಿಯುವ, ಅರವತ್ತು ದಾಟಿದ ಗಿಡ್ಡ ಹೆಂಗಸು.

"ನೀರಿಗಿಳಿದು ಅರ್ಧಕ್ಕೇ ವಾಪಸ್ ಬಂದಿದ್ದು ಎಷ್ಟು ಸಲ?" ಎಂದು ಕೇಳಿದಳು.

"ಒಂದ್ಸಲನೂ ಇಲ್ಲ," ಎಂದಳು ರೆಯ್ನಾ ಹೆಮ್ಮೆಯಿಂದ.

"ಅಯ್ಯೋ ಪಾಪ," ಎಂದಳು ಎರ್ಮಿಲಾ. ಬೀಜದ ಸಿಪ್ಪೆ ಉಗಿದು, "ನಂದು ಒಂದೇ ನಿಯಮ. ಹೆಬ್ಬೆರಳು ಮೇಲೆತ್ತಿದ್ರೆ ಇವತ್ತಿಗೆ ಸಾಕು ಅಂತ. ಯಾರೇ ಎತ್ತಲಿ, ಇಬ್ರೂ ವಾಪಸ್. ಯಾಕೆ ಅಂತ ಕೇಳಬಾರದು. ಮೇಲೆ ಬಂದ್ಮೇಲೂ ಕೇಳಬಾರದು. ಕೇಳಿದ್ರೆ ಮುಂದಿನ ಸಲ ಬೆರಳೆತ್ತೋಕೆ ನಾಚಿಕೆ ಆಗುತ್ತೆ. ಒಳಗಡೆ ನಾಚ್ಕೊಂಡೋರು ಸಾಯ್ತಾರೆ," ಎಂದಳು.

ಮಳೆಗಾಲವೆಲ್ಲ ತಯಾರಿ ನಡೆಯಿತು. ಗುಹೆಯ ತಳದಿಂದ ಹೂಳೆದ್ದರೆ ದೀಪ ಕೆಲಸಕ್ಕೆ ಬರುವುದಿಲ್ಲ, ಹಗ್ಗವೊಂದೇ ದಾರಿ. ಅದಕ್ಕೇ ಈ ಹಿತ್ತಲಿನ ಕಣ್ಣಾಮುಚ್ಚಾಲೆ. ಎರ್ಮಿಲಾ ಮುಂದೆ, ಅವಳ ಮೊಣಕೈ ಹಿಡಿದು ರೆಯ್ನಾ ಹಿಂದೆ. ಮೆಲ್ಲಗೆ ತಳ್ಳಿದರೆ ಮುಂದೆ ಹೋಗು, ಎಳೆದರೆ ಹಿಂದೆ, ಅದುಮಿದರೆ ನಿಲ್ಲು. ಕತ್ತಲಲ್ಲಿ ಇಷ್ಟೇ ಮಾತು. ಎರ್ಮಿಲಾಳ ಬೆರಳುಗಳು ಕಣ್ಣಿನ ಹಂಗಿಲ್ಲದೆ ಕಲ್ಲಿಗೆ ಹಗ್ಗ ಸುತ್ತಿ ಬಿಗಿಯುವುದನ್ನು ಮುಟ್ಟಿ ನೋಡಿ ರೆಯ್ನಾ ಹೊಟ್ಟೆಕಿಚ್ಚು ಪಟ್ಟಳು. ದಿನ ಕಳೆದಂತೆ, ಕಣ್ಣು ಮುಚ್ಚಿದರೆ ಸಾಕು, ಹಿತ್ತಲೇ ನೀರಾಗುತ್ತಿತ್ತು. ಕೋಳಿಗಳ ಸದ್ದು ದೂರವಾಗುತ್ತಿತ್ತು, ಕಾಲು ಹಗುರಾಗುತ್ತಿತ್ತು. ನಿದ್ದೆಯಲ್ಲೂ ಹಗ್ಗ ಹಿಡಿದು ಬಿಳಿ ಕಲ್ಲಿನ ಓಣಿಗಳಲ್ಲಿ ತೇಲುತ್ತಿದ್ದಳು. ಆಚೆ ತುದಿಯಲ್ಲಿ ಅಪ್ಪ ನೀರು ಸೇದುತ್ತ ನಿಂತಿರುತ್ತಿದ್ದ.

ಆ ದಿನ ಬಂತು. ಹಿತ್ತಲಿನಾಚೆಯ ಸೆನೋಟೆಗೇ ಇಬ್ಬರೂ ಇಳಿದರು. ಬಿಸಿಲು ನೀರಿನೊಳಗೆ ಓರೆಯಾಗಿ ನಿಂತಿತ್ತು. ಕೆಳಗೆ, ಸಿಹಿನೀರು ಉಪ್ಪುನೀರು ಸೇರುವಲ್ಲಿ ಎಲ್ಲ ಕದಡಿ, ತನ್ನ ಕೈಯೇ ಬೇರೆಯವರದೆಂಬಂತೆ ಕಂಡಿತು. ಇನ್ನೂ ಮುಂದೆ, ಇಲ್ಲಿಂದಾಚೆ ಹೋದವರು ಸಾಯುತ್ತಾರೆಂದು ಹೇಳುವ ತಲೆಬುರುಡೆಯ ಫಲಕ. ಅದರಾಚೆಗೆ ಗಾಢ ನೀಲಿ. ಎಷ್ಟು ಚೆನ್ನಾಗಿತ್ತೆಂದರೆ ರೆಯ್ನಾಳಿಗೆ ಅಳು ಬಂತು.

ಎರ್ಮಿಲಾ ಬಾಗಿ ಮೊದಲ ಕಲ್ಲಿಗೆ ಹಗ್ಗ ಸುತ್ತಿದಳು. ಹಗ್ಗ ಜಾರಿತು. ಮತ್ತೆ ಸುತ್ತಿದಳು, ಮತ್ತೆ ಜಾರಿತು. ಆಮೇಲೆ ತಿರುಗಿ ಹೆಬ್ಬೆರಳು ಮೇಲೆತ್ತಿದಳು.

ರೆಯ್ನಾಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ತಿರುಗಿದಳು.

ಮೇಲೆ, ಕಲ್ಲಿನ ಮೆಟ್ಟಿಲ ಮೇಲೆ ಕೂತು ಎರ್ಮಿಲಾ ಚೀಲದಿಂದ ಕಿತ್ತಳೆ ತೆಗೆದಳು. ಸಿಪ್ಪೆಗೆ ಉಗುರು ನಾಟಲಿಲ್ಲ, ಕೈ ನಡುಗುತ್ತಿತ್ತು. ಚಳಿಗೆ ಇರಬಹುದೆಂದು ನಂಬಲು ರೆಯ್ನಾ ಪ್ರಯತ್ನಿಸಿದಳು. ಆದರೆ ನೀರು ಎಂದಿನಷ್ಟೇ ಬೆಚ್ಚಗಿತ್ತು. ಪ್ರಶ್ನೆ ನಾಲಿಗೆಯ ತುದಿಯವರೆಗೂ ಬಂದಿತ್ತು. ಅದನ್ನು ನುಂಗಿಕೊಂಡು, ಹಣ್ಣು ತೆಗೆದುಕೊಂಡು, ಸುಲಿದು, ಮೆಣಸಿನಪುಡಿ ಉದುರಿಸಿ ಅರ್ಧ ಕೊಟ್ಟಳು.

"ವಯಾದೊಲಿದ್‌ನಲ್ಲಿ ಬೊನಿಫಾಸಿಯೊ ಅಂತ ಇದಾನೆ," ಎಂದಳು ಎರ್ಮಿಲಾ ತಿನ್ನುತ್ತ. "ನಾನೇ ಕಲಿಸಿದೋನು. ಬಾಯಿ ಜಾಸ್ತಿ, ಕೈ ಒಳ್ಳೇದು. ನಿನ್ನ ಒಳಗೆ ಕರ್ಕೊಂಡು ಹೋಗ್ತಾನೆ."

"ನಂಗೆ ನೀವೇ ಬೇಕಿತ್ತು."

"ಹಣ್ಣು ಸಿಹಿಯಾಗಿದೆ," ಎಂದಳು ಎರ್ಮಿಲಾ.

ಭಾನುವಾರ ರೆಯ್ನಾ ಕಡಲಿಂದ ಮನೆಗೆ ಬಂದಾಗ ಎರ್ಮಿಲಾ ಅಮ್ಮನ ಜೊತೆ ಕೂತು ಬೀಜ ಸುಲಿಯುತ್ತಿದ್ದಳು.

"ಬೆಳಗ್ಗೆಯಿಂದ ಇಲ್ಲೇ ಇದಾಳೆ," ಎಂದಳು ಅಮ್ಮ. "ಹಗ್ಗದ ಮೇಲಿನ ಬಟ್ಟೆ ತೆಗೆದುಬಿಡ್ಲಾ?"

"ಇರ್ಲಿ ಬಿಡಿ ದೊನ್ಯಾ, ಒಳಗೆ ಇದಕ್ಕಿಂತ ಕೆಟ್ಟದ್ದೆಲ್ಲ ಮುಖಕ್ಕೆ ಬಡಿಯುತ್ತೆ." ಎರ್ಮಿಲಾ ಎದ್ದಳು. "ಇವತ್ತು ಮುಂದೆ ನೀನು."

ರೆಯ್ನಾ ಕಣ್ಣು ಮುಚ್ಚಿದಳು. ಮೊಣಕೈ ಮೇಲೆ ಆ ಬೆರಳುಗಳು ಕೂತವು. ಅವುಗಳ ನಡುಕ ರೆಯ್ನಾಳ ತೋಳಿನವರೆಗೂ ಹತ್ತಿತು. ಪಪ್ಪಾಯ ಗಿಡ, ಬೇಲಿ, ಅಮ್ಮನ ಒದ್ದೆ ಲಂಗ, ಕೋಳಿಗೂಡು. ಹಗ್ಗ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬೆರಳಿಗೆ ಹೊಸ ಗಂಟೊಂದು ಸಿಕ್ಕಿತು. ಸಡಿಲವಾದ, ಹಲವು ಸಲ ಬಿಚ್ಚಿ ಕಟ್ಟಿದ ಗಂಟು. ಅಲ್ಲಿಂದ ಹೊಸ ಹಗ್ಗವೊಂದು ಕಾಡಿನ ಕಡೆಗೆ, ಸೆನೋಟೆಯ ನೀರಿನ ವಾಸನೆ ಬರುವ ದಿಕ್ಕಿಗೆ ಹೋಗಿತ್ತು.

ರೆಯ್ನಾ ನಿಂತುಬಿಟ್ಟಳು.

ಹಿಂದಿನಿಂದ ಆ ನಡುಗುವ ಕೈ ಅವಳ ಮೊಣಕೈಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿತು.