ಸ್ವಿಚ್ಚಿಲ್ಲದ ದೀಪ

ಬಾನೆಟ್ ಎತ್ತಿ ಬ್ಯಾಟರಿಯ ಎರಡೂ ತುದಿಗೆ ಟೆಸ್ಟರ್ ಬಲ್ಬು ಹಿಡಿದ ಬಾಷಾ. ಬಲ್ಬು ಮಿಣುಕಲೂ ಇಲ್ಲ. ತುದಿ ಒರೆಸಿ ಮತ್ತೊಮ್ಮೆ ಹಿಡಿದ. ಇಲ್ಲ.

"ಏನಂತೈತಿ?" ಹಿಂದೆ ನಿಂತಿದ್ದ ಗುರುಸಂಗಪ್ಪ ಕೇಳಿದ.

"ಪೂರಾ ಖಾಲಿ ಐತ್ರಿ ಸಾವುಕಾರ್ರ."

ನೀಲಗುಂದದಿಂದ ಹರಪನಹಳ್ಳಿಯವರೆಗೆ ಆ ಬಿಳೀ ಮಾರುತಿಯನ್ನು ಎಳೆದು ತಂದಿದ್ದ ಟ್ರ್ಯಾಕ್ಟರಿನವನು ಹಗ್ಗ ಬಿಚ್ಚಿಕೊಂಡು ಹೋಗಿಬಿಟ್ಟಿದ್ದ. ಬಾಷಾ ಕುಕ್ಕರಗಾಲಲ್ಲಿ ಕೂತು ಚಕ್ರ ನೋಡಿದ. ಟಯರಿನ ಗೀರುಗಳಲ್ಲಿ ಮೆಕ್ಕೆಜೋಳದ ಕಾಳು ಸಿಕ್ಕಿಕೊಂಡಿದ್ದವು. ಸುಗ್ಗಿಯ ದಿನ, ಊರೂರಲ್ಲೂ ಡಾಂಬರು ರಸ್ತೆಯ ಮೇಲೇ ಜೋಳ ಒಣಹಾಕಿರುತ್ತಾರೆ. ವಾರದ ಹಿಂದೆ ಒಂದು ನಸುಕಿನಲ್ಲಿ ನಾಲ್ಕಾರು ಮಂದಿ ಸೇರಿ ಈ ಕಾರನ್ನು ಆ ಕಾಳಿನ ಮೇಲೇ ತಳ್ಳಿದ್ದರು. ಭೀಮೇಶ್ವರನ ಗುಡಿ ದಾಟುವವರೆಗೆ ತಳ್ಳಿದರೂ ಎಂಜಿನ್ನು ಒಂದು ಸಲವೂ ಕೆಮ್ಮಲಿಲ್ಲ. ಹಿಂದಿನ ಸೀಟಿನಲ್ಲಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಗುರುಸಂಗಪ್ಪನ ಮಗಳು ಗೀತಾಂಜಲಿ. ಕೊನೆಗೆ ಯಾರದೋ ಟ್ರ್ಯಾಕ್ಟರು ಸಿಕ್ಕಿತು. ಟ್ರೇಲರಿನಲ್ಲೇ ಹೆರಿಗೆಯಾಯಿತು. ಕೂಸು ಅತ್ತಿತು. ತಾಯಿಯ ನೆತ್ತರು ನಿಲ್ಲಲಿಲ್ಲ. ಪೇಟೆಯ ಮೊದಲ ದೀಪಗಳು ಕಾಣುವಾಗ ಆಕೆಯ ಕೈ ತಣ್ಣಗಾಗಿತ್ತು.

ಮಣ್ಣು ಮಾಡಿ ವಾರವಾಗಿತ್ತು. ಕೂಸು ದಾವಣಗೆರೆಯ ಆಸ್ಪತ್ರೆಯೊಂದರ ಗಾಜಿನ ಪೆಟ್ಟಿಗೆಯಲ್ಲಿತ್ತು. ಅಲ್ಲಿಗೆ ಹೋಗಿ ಬರಲು ಗಾಡಿ ಬೇಕೇ ಬೇಕು.

ಗುರುಸಂಗಪ್ಪ ರಸ್ತೆಯ ಆಚೆ ನೋಡಿದ. ಅವನ ಹೆಂಡತಿ ಅನ್ನದಾನಮ್ಮ ಕೂಸಿಗೊಂದು ಉಲ್ಲನ್ ಟೋಪಿ ತರುತ್ತೇನೆಂದು ಎದುರಿನ ಅಂಗಡಿ ಹೊಕ್ಕಿದ್ದಳು. ಅವನು ಬಾನೆಟ್ಟಿನೊಳಕ್ಕೇ ತಲೆ ಹಾಕಿ ದನಿ ತಗ್ಗಿಸಿದ.

"ಬಾಷಾ, ಆಕಿ ನಿನ್ನ ಕೇಳ್ತಾಳ. ಗಾಡ್ಯಾಗಿನ ದೇವರ ದೀಪ ಯಾಕ ಆರಿತು ಅಂತ ಕೇಳಾಕಂತಲೇ ಬಂದಾಳ. ಮನ್ಯಾಗ ಕುಂದ್ರು ಅಂದ್ರೂ ಕೇಳಲಿಲ್ಲ."

ಬಾಷಾ ಟೆಸ್ಟರಿನ ವೈರು ಸುತ್ತತೊಡಗಿದ.

"ನಿನ್ನ ಜಾಯಿಂಟು ಲೂಸಾಗಿತ್ತು ಅನ್ನು. ಅಷ್ಟ."

"ನನ್ನ ಜಾಯಿಂಟು ಲೂಸಾಗಂಗಿಲ್ರಿ."

"ಗೊತ್ತಲೇ. ನನಗ ಗೊತ್ತಿಲ್ಲೇನು?" ಗುರುಸಂಗಪ್ಪ ಮತ್ತೊಮ್ಮೆ ಎದುರಿನ ಅಂಗಡಿಯತ್ತ ನೋಡಿದ. "ಅನ್ನು."

ಬಾಷಾನ ವೈರಿಂಗ್ ಎಂದರೆ ವೈರು ಕಣ್ಣಿಗೆ ಬೀಳಬಾರದು. ಹೋದ ತಿಂಗಳು ಇದೇ ಕಾರಿಗೆ ಹಾಡಿನ ಟೇಪು, ಮೊಬೈಲು ಚಾರ್ಜರು, ಒಂದು ಗೇಣಿನ ಫ್ಯಾನು ಕೂಡಿಸಿದ್ದ. ಎಲ್ಲಕ್ಕೂ ಕೀ ಲೈನು. ಕೀ ತೆಗೆದರೆ ಎಲ್ಲವೂ ಬಂದ್. ವೈರುಗಳಿಗೆ ಕರೀ ಟೇಪು ಸುತ್ತಿ, ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಹಾಯಿಸಿ, ಹೊಲಿಗೆ ಹಾಕಿದಂತೆ ಕಟ್ಟಿದ್ದ. ಕೊನೆಗೆ ಉಳಿದದ್ದು ಮನೆದೇವರು ಕೊಟ್ರಯ್ಯನ ಪಟದ ಮುಂದಿನ ಕೆಂಪು ಬಲ್ಬು. ಅದು ಹಗಲೂ ರಾತ್ರಿ ಉರಿಯಬೇಕು, ನಂದಾದೀಪ, ಅದು ಮನೆಯಾಕೆಯ ಹರಕೆ ಎಂದಿದ್ದ ಗುರುಸಂಗಪ್ಪ. ಕಾಣದಂಗ ಒಂದು ಸ್ವಿಚ್ಚಿಡ್ತೀನ್ರಿ ಎಂದಿದ್ದಕ್ಕೆ, "ದೇವರ ದೀಪಕ್ಕ ಸ್ವಿಚ್ಚಿರ್ತೈತೇನಲೇ? ನಿಮ್ಮ ದರ್ಗಾದಾಗ ಇಟ್ಟೀರೇನು?" ಎಂದು ನಕ್ಕಿದ್ದ. ಬಾಷಾನೂ ನಕ್ಕು ಬ್ಯಾಟರಿಯಿಂದ ನೇರ ಲೈನು ಎಳೆದಿದ್ದ. ಗಾಡಿ ಹೊರಡುವಾಗ ಕಿಟಕಿ ಹಿಡಿದು ಹೇಳಿದ್ದ:

"ದಿನಾ ಓಡಿದ್ರ ಏನಾಗಂಗಿಲ್ರಿ. ಗಾಡಿ ಎರಡು ಮೂರು ದಿನ ನಿಂತ್ರ ಈ ಫ್ಯೂಸ್ ಕಿತ್ತಿಡ್ರಿ. ಇಲ್ಲಂದ್ರ ದೀಪ ಬ್ಯಾಟ್ರಿ ಕುಡೀತೈತಿ. ಅಮ್ಮಾರಿಗೂ ಹೇಳ್ರಿ."

ಗುರುಸಂಗಪ್ಪ ಕಾರನ್ನು ಅಂಗಳದಲ್ಲಿ ಬಿಟ್ಟು, ಗೆಳೆಯರ ಜೊತೆ ಜೀಪಿನಲ್ಲಿ ಶ್ರೀಶೈಲಕ್ಕೆ ಹೋದ. ಫ್ಯೂಸ್ ಕೀಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ತಿರುಗಿ ಬಂದ ಮರುದಿನದ ನಸುಕಿಗೇ ಮಗಳಿಗೆ ನೋವು ಬಂತು.

ಅನ್ನದಾನಮ್ಮ ಹಳದಿ ಟೋಪಿಯನ್ನು ಮುಷ್ಟಿಯಲ್ಲಿ ಹಿಡಿದು ರಸ್ತೆ ದಾಟಿ ಬಂದಳು. ಬಾಷಾ ತನ್ನ ಅಂಗಡಿಯ ಚಾರ್ಜಾದ ಬ್ಯಾಟರಿಯೊಂದನ್ನು ತಂದು ಬಾನೆಟ್ಟಿನೊಳಗೆ ಕೂರಿಸಿದ. "ಇದನ್ನ ಹಾಕ್ಕೊಂಡು ಹೋಗಿಬರ್ರಿ, ನಿಮ್ಮದನ್ನ ಚಾರ್ಜಿಗಿಡ್ತೀನಿ" ಎಂದ. ಕ್ಲ್ಯಾಂಪು ಬಿಗಿಯುವ ಮೊದಲು ದೀಪದ ಫ್ಯೂಸ್ ತೆಗೆದುಬಿಡೋಣವೆಂದು ಮುಂದಿನ ಬಾಗಿಲು ತೆರೆದು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ.

ಆಕೆ ಬಾಗಿಲ ಬಳಿ ಬಂದು ನಿಂತಳು. ಅವನಿಗೆ ಆಕೆಯ ಕಾಲುಗಳಷ್ಟೇ ಕಾಣುತ್ತಿದ್ದವು.

"ಬಾಷಣ್ಣ."

"ರೀ ಅಮ್ಮಾರ."

"ಇವರು ಶ್ರೀಶೈಲಕ್ಕ ಹೋದಾಗ ನಾಕೂ ದಿನ ದೀಪ ಉರೀತಿತ್ತಪ್ಪ. ದಿನಾ ಸಂಜಿಕ ಪಡಸಾಲ್ಯಾಗ ಕುಂತು ಗೀತಾಗ ತೋರಿಸ್ತಿದ್ದೆ. ನೋಡವ್ವಾ, ಅಯ್ಯ ಎಚ್ಚರದಾಗ ಅದಾನ, ನಿನಗ್ಯಾತರ ಭಯ ಅಂತಿದ್ದೆ. ಆ ನಸಿಕಿನ್ಯಾಗ ನೋಡ್ತೀನಿ, ಆರೇತಿ." ಆಕೆಯ ದನಿಯಲ್ಲಿ ಅಳು ಇರಲಿಲ್ಲ, ಪಕ್ಕದ ಮನೆಯ ಸುದ್ದಿ ಹೇಳುವಂತಿತ್ತು. "ಖರೇ ಹೇಳು. ನಂದೇನರ ತಪ್ಪಾಗಿ ಆತ ಮಕ ತಿರುವಿದನೇನು?"

ಬಾಷಾನ ಕೈ ಫ್ಯೂಸ್ ಹುಡುಕುತ್ತಿದ್ದುದು ನಿಂತಿತು. ತಾನೇ ಸುತ್ತಿದ ಕರೀ ಟೇಪು ಮೂಗಿನ ಮುಂದೆಯೇ ಇತ್ತು. ಒಂದು ಸುಕ್ಕಿಲ್ಲ, ಒಂದು ಎಳೆ ಬಿಚ್ಚಿಲ್ಲ.

"ಇಲ್ರಿ ಅಮ್ಮಾರ," ಎಂದ. "ದೇವರು ಯಾಕ ಮಕ ತಿರುವತಾನ? ನನ್ನ ಕೆಲಸ ಸರಿ ಇರಲಿಲ್ರಿ. ಇಲ್ಲಿ ಜಾಯಿಂಟು ಲೂಸಾಗಿತ್ತು. ಅದಕ್ಕ ದೀಪ ಆರಿತು, ಅದಕ್ಕ ಗಾಡೀನೂ ಚಾಲೂ ಆಗಲಿಲ್ಲ. ನಂದ ತಪ್ಪು."

ಆಕೆಯ ಕಾಲುಗಳು ಒಂದು ಹೆಜ್ಜೆ ಹತ್ತಿರ ಬಂದವು.

"ನಿನಗೂ ಹೆಣ್ಮಕ್ಕಳದಾವಲ್ಲ ಬಾಷಣ್ಣ."

"ಅದಾವ್ರಿ. ಇಬ್ಬರು."

"ಬೈಯಾಕ ಬಾಯಿ ಬರವಲ್ದು ನೋಡು," ಎಂದಳು. ಆಮೇಲೆ ಮೆಲ್ಲಗೆ, ಉಸಿರು ಬಿಟ್ಟಂತೆ, "ಹಂಗಾರ ಆತ ಅಲ್ಲ. ನನ್ನಪ್ಪ ಅಲ್ಲ," ಎಂದಳು. ಬಾಷಾ ಕತ್ತು ಹೊರಳಿಸಿ ನೋಡಿದ. ಆಕೆ ಆರಿದ ಬಲ್ಬಿನ ಹಿಂದಿನ ಪಟಕ್ಕೆ ಕೈ ಮುಗಿದಿದ್ದಳು. ವಾರದಿಂದ ಬಿಗಿದಿದ್ದ ಮುಖ ತುಸು ಸಡಿಲಾಗಿತ್ತು.

ಬಾನೆಟ್ಟಿನ ಹತ್ತಿರ ನಿಂತ ಗುರುಸಂಗಪ್ಪನಿಗೆ ಎಲ್ಲ ಕೇಳಿಸಿತ್ತು. ಅವನಿಗೆ ಅಲ್ಲಿಂದ ಹೊರಟರೆ ಸಾಕಾಗಿತ್ತು. ಕೈಗೆ ಏನಾದರೂ ಕೆಲಸ ಬೇಕಾಗಿತ್ತು. "ಹೊತ್ತಾತು, ಹೊತ್ತಾತು," ಎನ್ನುತ್ತ ಎರಡೂ ಕ್ಲ್ಯಾಂಪುಗಳನ್ನು ತಾನೇ ಬ್ಯಾಟರಿಯ ಮೇಲೆ ಒತ್ತಿಬಿಟ್ಟ.

"ಸಾವುಕಾರ್ರ, ತಡೀರಿ..." ಎಂದ ಬಾಷಾ.

ಕೊಟ್ರಯ್ಯನ ಪಟದ ಮುಂದೆ ಕೆಂಪು ದೀಪ ಹತ್ತಿತು.

ಯಾರೂ ಕೀ ತಿರುಗಿಸಿರಲಿಲ್ಲ. ಬಾಷಾ ಒಂದು ಎಳೆಯನ್ನೂ ಮುಟ್ಟಿರಲಿಲ್ಲ. ಅವನ ಎರಡೂ ಕೈ ಬರಿದಾಗಿ ಎದೆಯ ಮೇಲಿದ್ದವು.

ಅನ್ನದಾನಮ್ಮ ದೀಪ ನೋಡಿದಳು, ಬಾಷಾನ ಬರಿಗೈ ನೋಡಿದಳು.

"ಜಾಯಿಂಟು ಯಾವಾಗ ಹಾಕಿದಿ?"

ಅವನು ಕೈಗಳನ್ನು ಎದೆಯಿಂದ ಕೆಳಗಿಳಿಸಿದ.

"ಬ್ಯಾಟ್ರಿ ಇಟ್ಟ ಕೂಡ್ಲೆ ಹತ್ತೇತಿ." ಆಕೆ ಒಂದೊಂದೇ ಮಾತನ್ನು ಕೈಯಿಂದ ತಡವಿ ನೋಡುವಂತೆ ಆಡಿದಳು. "ಹಂಗಾರ ನಾಕು ದಿನ ಇದು ಯಾತರ ಮ್ಯಾಲೆ ಉರೀತು?"

ಜೋಳದ ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಗುರುಸಂಗಪ್ಪ ಬಾನೆಟ್ಟಿನ ಹಿಂದೆ ನಿಂತು, ಮಸಿಯಿಲ್ಲದ ಕೈಯನ್ನು ಬನಿಯನ್ ಚಿಂದಿಗೆ ಒರೆಸಿಕೊಳ್ಳುತ್ತಲೇ ಇದ್ದ.

"ನಿಮಗ ಗೊತ್ತಿತ್ತೇನ್ರಿ?" ಎಂದಳು ಆಕೆ, ಆ ಕಡೆ ತಿರುಗದೆ.

ಒರೆಸುವ ಕೈ ನಿಂತಿತು. ಅಷ್ಟೇ.

ಬಾಷಾ ಕೆಳಗಿನಿಂದ ಎದ್ದ. "ಫ್ಯೂಸ್ ತೆಗೀತೀನ್ರಿ ಅಮ್ಮಾರ. ಆರಿಸಿಬಿಡ್ತೀನಿ."

"ಬ್ಯಾಡ." ಆಕೆ ಕಾರಿನೊಳಗೆ ಕೂತು ಟೋಪಿಯನ್ನು ಮಡಿಲಲ್ಲಿಟ್ಟುಕೊಂಡಳು. "ಕೂಸು ಕಾಯತೈತಿ. ನಡೀರಿ."

ಗುರುಸಂಗಪ್ಪ ಬಂದು ಕೀ ತಿರುಗಿಸಿದ. ಒಂದೇ ಸಲಕ್ಕೆ ಎಂಜಿನ್ನು ಚಾಲೂ ಆಯಿತು. ಅವನು ಬೆಚ್ಚಿದವನಂತೆ ಸ್ಟೇರಿಂಗ್ ಬಿಟ್ಟು ಮತ್ತೆ ಹಿಡಿದ.

ಕಾರು ರಸ್ತೆಗಿಳಿಯುವಾಗ ಬಾಷಾ ಗಾಜಿನಾಚೆ ನೋಡಿದ. ಕಿಟಕಿಗಳೆಲ್ಲ ಮುಚ್ಚಿದ್ದವು. ಆದರೂ ಆಕೆ ಮುಂದಕ್ಕೆ ಬಾಗಿ, ಗಾಳಿಗೆ ಹಣತೆ ಕಾಯುವಂತೆ ಎರಡೂ ಅಂಗೈ ಬಲ್ಬಿಗೆ ಅಡ್ಡ ಹಿಡಿದಿದ್ದಳು. ಬೆರಳ ಸಂದುಗಳು ಕೆಂಪಗಾಗಿದ್ದವು.