ಜಾಕೀಟಿನ ಉಡಿ

ಪ್ರಮಿಳಾಳಿಗೆ ಮೂವತ್ತಾರು ದಾಟಿತ್ತು. ಬಾಸ್ಕೆಟ್‌ಬಾಲ್ ಆಡುವ ಹೆಣ್ಣಿಗೆ ಅದು ಮುದಿ ವಯಸ್ಸು ಅಂತ ಜನ ಹೇಳುತ್ತಾರೆ. ಜನಕ್ಕೇನು, ಬಾಯಿ ಒಂದಿದ್ದರೆ ಸಾಕು. ಬೆಳಗಾವಿಯ ಹೆಣ್ಣುಮಕ್ಕಳ ತಂಡ ಸೋತು ಸೋತು ಲೀಗಿನ ತಳ ಕಂಡಾಗ, ಅದರ ಮಾಲೀಕರಾದ ಉದ್ಯಮಬಾಗದ ಫೌಂಡ್ರಿ ಸಾಹುಕಾರ ಬಾಳಾಸಾಹೇಬರು ಆಕೆಯನ್ನೂ ತಂಡದ ಇನ್ನೊಬ್ಬ ಹಳೆಯ ಆಟಗಾರ್ತಿ ನಾಗರತ್ನಾಳನ್ನೂ ಕರೆಸಿ ಕೂರಿಸಿದರು. ಇನ್ನು ಮೇಲೆ ತಂಡ ಕಟ್ಟುವುದು ನಿಮ್ಮಿಬ್ಬರ ಸುತ್ತಲೇ, ಹೊಸ ಹುಡುಗಿಯರು ನಿಮ್ಮನ್ನು ನೋಡಿ ಕಲಿಯಲಿ ಅಂದರು. ಪ್ರಮಿಳಾ ನಂಬಿದಳು. ನಂಬದೆ ಏನು ಮಾಡಿಯಾಳು? ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ತಾಯಾಗುವುದನ್ನು ಈ ವರ್ಷ ಬೇಡ, ಬರುವ ವರ್ಷ ಎಂದು ಮುಂದೆ ತಳ್ಳುತ್ತ, ಆಕೆ ಉಳಿಸಿಕೊಂಡಿದ್ದು ಆ ಆಟವೊಂದನ್ನೇ.

ಖಾನಾಪುರದ ಒಂದು ಕಾಲೇಜು ಪಂದ್ಯದಲ್ಲಿ ಶೀತಲಳನ್ನು ಮೊದಲು ಗುರುತಿಸಿದವಳೂ ಆಕೆಯೇ. ಎತ್ತರದ ಹುಡುಗಿ. ಎಲ್ಲರೂ ಜಿಗಿದು ಕೆಳಗಿಳಿದ ಮೇಲೂ ಒಂದು ಗಳಿಗೆ ಮೇಲೆಯೇ ಇರುತ್ತಿದ್ದಳು. ಈ ಹುಡುಗಿ ಬಂದರೆ ತಂಡ ಎದ್ದು ನಿಲ್ಲುತ್ತದೆ ಎಂದು ಪ್ರಮಿಳಾ ಹಟ ಹಿಡಿದಳು. ಹಾಗಾದರೆ ನೀವೇ ಹೋಗಿ ಕರೆದುಕೊಂಡು ಬನ್ನಿ, ಹೆಣ್ಣು ಹೆತ್ತವಳ ಹತ್ತಿರ ಗಂಡಸರ ಮಾತು ನಡೆಯುವುದಿಲ್ಲ ಎಂದು ಬಾಳಾಸಾಹೇಬರು ನಕ್ಕರು. ಆ ನಗುವಿನ ಒಳಗೇನಿದೆ ಅಂತ ಈ ಪುಣ್ಯಾತ್ಗಿತ್ತಿಗೆ ಹೊಳೆಯಲಿಲ್ಲ.

ಶೀತಲಳ ತಾಯಿ ಫಕೀರವ್ವ ಖಾನಾಪುರದ ಹಂಚಿನ ಕಾರಖಾನೆಯಲ್ಲಿ ದುಡಿಯುವವಳು. ಕುರಿ ಕಾಯ್ದ ಮನೆತನ. ಕುರಿ ಮಾರಿ ಎಷ್ಟೋ ವರ್ಷವಾಗಿದ್ದರೂ, ಹಿಂಡಿನಿಂದ ಒಂದು ಮರಿ ತಪ್ಪಿಸಿಕೊಂಡೀತು ಅನ್ನುವ ಅಂಜಿಕೆ ಹೋಗಿರಲಿಲ್ಲ. ಜಾಂಬೋಟಿ ಕಡೆಯ ಒಂದು ಗಂಡು ನೋಡಿ ಇಟ್ಟಿದ್ದಳು. ಚಡ್ಡಿ ಹಾಕಿಕೊಂಡು ಊರೂರು ತಿರುಗುವ ಆಟವಂತೆ, ರೊಕ್ಕ ಕೊಡುತ್ತಾರಂತೆ, ಯಾಕೆ ಕೊಡುತ್ತಾರೋ ಯಾರು ಬಲ್ಲರು ಎಂದು ಮುಖ ಸಿಂಡರಿಸಿದಳು. ಪ್ರಮಿಳಾ ಅವಳ ಮನೆಯಲ್ಲೇ ಉಂಡು, ಅವಳ ಕೂಡ ಕಾಳು ಹಸನು ಮಾಡುತ್ತ, ಸಂಜೆತನಕ ಅಲ್ಲಾಡದೆ ಕುಳಿತಳು. ಕೊನೆಗೆ ಫಕೀರವ್ವ ಒಂದೇ ಮಾತು ಕೇಳಿದಳು.

"ನೀವು ಆಕಿ ಕೂಡ ಇರ್ತೀರೇನ್ರಿ? ನೀವಿದ್ರ ಕಳಸ್ತೇನಿ. ಇಲ್ಲಂದ್ರ ಇಲ್ಲ."

"ಇರ್ತೇನ್ರಿ ಯವ್ವಾ. ಒಂದ ಅಂಗಳದಾಗ ಆಡ್ತೇವಿ."

ಫಕೀರವ್ವ ಎದ್ದು ಉಡಿ ತುಂಬಲು ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ, ಎಲೆ ಅಡಿಕೆ ತಂದಳು. ಉಡಿ ಒಡ್ಡಿರಿ ಅಂದರೆ ಟ್ರ್ಯಾಕ್ ಪ್ಯಾಂಟಿನವಳಿಗೆ ಸೆರಗೆಲ್ಲಿಂದ ಬರಬೇಕು? ಪ್ರಮಿಳಾ ತಬ್ಬಿಬ್ಬಾಗಿ, ಮೈಮೇಲಿದ್ದ ತಂಡದ ಜಾಕೀಟಿನ ಅಂಚನ್ನೇ ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಬಾಗಿಲಲ್ಲಿ ನಿಂತ ಶೀತಲ ಕಿಸಕ್ಕನೆ ನಕ್ಕಳು. ಫಕೀರವ್ವ ನಗಲಿಲ್ಲ. ಕುಂಕುಮ ಹಚ್ಚಿ, ಅಕ್ಕಿ ಸುರುವಿ, ಮಗಳನ್ನು ನಿಮ್ಮ ಉಡಿಯಲ್ಲಿ ಹಾಕಿದ್ದೇನೆ ಅಂದಳು. ಪ್ರಮಿಳಾಳಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಯಾರ ಸೀಮಂತಕ್ಕೆ ಹೋದರೂ ಹಿಂದೆ ಸರಿದು ನಿಲ್ಲುತ್ತಿದ್ದವಳು ಆಕೆ.

ಮಳೆಗಾಲ ಪೂರ್ತಿ ತಾನು ಬಲ್ಲದ್ದನ್ನೆಲ್ಲ ಶೀತಲಳಿಗೆ ಧಾರೆ ಎರೆದಳು: ಭುಜ ಒಂದು ಕಡೆ ತೋರಿಸಿ ಇನ್ನೊಂದು ಕಡೆ ನುಗ್ಗುವುದು, ಎದುರಾಳಿ ದಣಿದದ್ದನ್ನು ಕಣ್ಣಿನಲ್ಲಿ ಓದುವುದು. ಹುಡುಗಿ ಬೇಗ ಕಲಿತಳು. ಕಲಿತಷ್ಟೂ ಈಕೆಗೆ ಹಿಗ್ಗು.

ಲೀಗು ಶುರುವಾಗುವ ಮುಂಚಿನ ವಾರ ಬಾಳಾಸಾಹೇಬರು ಉದ್ಯಮಬಾಗಕ್ಕೆ ಕರೆಸಿ, ಚಹಾ ತರಿಸಿ, ಬಹಳ ಮರ್ಯಾದೆಯಿಂದ ಕುತ್ತಿಗೆ ಕೊಯ್ದರು. ಹೊಸ ಕೋಚಿಗೆ ಹಳಬರಲ್ಲಿ ಒಬ್ಬರೇ ಸಾಕಂತೆ. ನಾಗರತ್ನಾ ಇರುತ್ತಾಳೆ, ಅವಳ ಮೊಣಕಾಲು ನೆಟ್ಟಗಿದೆ. ಶೀತಲಳಿಗೆ ಒಂದು ಜಾಗ ಬೇಕಲ್ಲ, ನೀವೇ ಹುಡುಕಿ ತಂದ ಹುಡುಗಿ ನೋಡ್ರಿ ಅಂದರು. ಶಾಲು ಹೊದಿಸಿ ಸನ್ಮಾನ ಮಾಡೋಣವಂತೆ. ಬೆಂಕಿ ಹಚ್ಚಬೇಕು ಆ ಶಾಲಿಗೆ! ಚಹಾ ಆರಿತು. ತನ್ನ ಜಾಗಕ್ಕೆ ಬರುವವಳನ್ನು ತಾನೇ ಹೋಗಿ, ಬೇಡಿ, ಉಡಿ ಒಡ್ಡಿ ತಂದೆನಲ್ಲ ಎಂದುಕೊಳ್ಳುತ್ತ ಪ್ರಮಿಳಾ ಎದ್ದು ಹೊರಬಿದ್ದಳು.

ಮರುದಿನವೇ ಜಾಕೀಟು ಏರಿಸಿಕೊಂಡು ಖಾನಾಪುರದ ಬಸ್ಸು ಹತ್ತಿದಳು. ಇದ್ದದ್ದು ಇದ್ದಂಗೆ ಹೇಳಿಬಿಡುವುದು, ತಾಯಿ ಮಗಳನ್ನು ಕರೆದುಕೊಂಡು ಹೋಗಲಿ, ತಂಡ ಹಾಳಾಗಿ ಹೋಗಲಿ ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡಿದ್ದಳು.

ಫಕೀರವ್ವನಿಗೆ ಏನೂ ಗೊತ್ತಿರಲಿಲ್ಲ. ಅವಳ ಫೋನು ಮಾತಾಡುವುದಕ್ಕಷ್ಟೇ ಇತ್ತು, ಆ ಲೀಗನ್ನು ಅವಳ ಓಣಿಯಲ್ಲಿ ನೋಡುವವರು ಯಾರೂ ಇರಲಿಲ್ಲ. ಪ್ರಮಿಳಾ ಬಾಯಿ ತೆರೆಯುವ ಮೊದಲೇ ಅವಳು ಸುದ್ದಿ ಹೇಳಿದಳು. ಜಾಂಬೋಟಿಯವರು ಮತ್ತೆ ಬಂದಿದ್ದರಂತೆ, ದಸರಾ ಆದ ಮೇಲೆ ಅಕ್ಷತೆ ಹಾಕಿಬಿಡೋಣ ಅಂದರಂತೆ.

"ನಾ ಒಲ್ಲೆ ಅಂದೆ ನೋಡ್ರಿ. ಪ್ರಮಿಳಕ್ಕಾರ ಅದಾರ, ಆಡ್ಲಿ ಅಂದೆ. ನೀವು ಇರಲಿಲ್ಲಂದ್ರ ನಾಳೆ ಮುಂಜಾನೆ ಕರಕೊಂಡ ಬರ್ತಿದ್ದೆ."

ಪ್ರಮಿಳಾ ಲೆಕ್ಕ ಹಾಕಿದಳು. ಹೇಳಿದರೆ ಬಾಳಾಸಾಹೇಬರ ಕೂದಲೂ ಕೊಂಕುವುದಿಲ್ಲ. ಅವರು ಬೇರೆ ಹುಡುಗಿಯನ್ನು ತರುತ್ತಾರೆ. ಮುಳುಗುವವಳು ಶೀತಲ ಒಬ್ಬಳೇ. ಎಲ್ಲ ಚೆನ್ನಾಗಿದೆ, ಇಬ್ಬರೂ ಕೂಡಿ ಆಡುತ್ತಿದ್ದೇವೆ ಎಂದು ಹೇಳಿದಳು. ತನ್ನ ದನಿ ತನಗೇ ಹೇಸಿಗೆ ತಂದಿತು. ಹೊರಡುವಾಗ ಫಕೀರವ್ವ ಮತ್ತೆ ಮೊರ ತಂದಳು. ಪ್ರಮಿಳಾ ಮತ್ತೆ ಜಾಕೀಟಿನ ಅಂಚು ಹಿಡಿದು ಒಡ್ಡಿದಳು. ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿದ ಗಂಟೊಂದನ್ನು ಕೈಗಿಟ್ಟು, ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣಬೇಕು ಅಂತ ಆ ತಾಯಿ ತಾಕೀತು ಮಾಡಿದಳು.

ಬೆಳಗಾವಿಗೆ ಬಂದವಳೇ ನೇರ ಆಟದ ಹಾಲಿಗೆ ಹೋದಳು. ವರ್ಷಗಟ್ಟಲೆ ನಮಸ್ಕಾರ ಹೊಡೆದ ವಾಚಮನ್ ಇಂದು ತಲೆ ತಗ್ಗಿಸಿ, ಒಳಗೆ ಬಿಡುವ ಹಾಗಿಲ್ಲ ಅಂದ. ಒಳಗಿನಿಂದ ಚೆಂಡು ಪುಟಿಯುವ ಸದ್ದು ಬರುತ್ತಿತ್ತು. ಸುದ್ದಿ ಹೋಗಿ ಶೀತಲ ಹೊರಗೆ ಬಂದಳು. ಮೈಮೇಲೆ ಏಳನೇ ನಂಬರಿನ ಅಂಗಿ. ನಿನ್ನೆಯವರೆಗೆ ಅದು ಪ್ರಮಿಳಾಳ ನಂಬರು.

ಹುಡುಗಿ ಗಂಟನ್ನು ನೋಡಿದಳು, ಅದು ಅವ್ವ ಕಟ್ಟಿದ್ದೆಂದು ತಿಳಿದು ಮುಖ ಬಿಳಿಚಿತು. ಅವ್ವನಿಗೆ ಏನು ಹೇಳಿದಿರಿ ಅಂತ ಕೇಳಿದಳು. ಕೂಡಿ ಆಡುತ್ತೇವೆ ಅಂತ ಹೇಳಿದೆ ಎಂದಳು ಪ್ರಮಿಳಾ. ಶೀತಲ ಹಿಡಿದಿಟ್ಟ ಉಸಿರು ಬಿಟ್ಟು, ಆಕೆಯ ಕಾಲು ಮುಟ್ಟಿದಳು. ಪ್ರಮಿಳಾ ಜಾಕೀಟು ಕಳಚಿ, ಕಿಸೆಗೆ ಸಿಕ್ಕಿದ್ದ ಅಕ್ಕಿಕಾಳು ಕೊಡವಿ, ಇದನ್ನು ಒಳಗೆ ಒಪ್ಪಿಸಿಬಿಡು ಅಂತ ಮುಂದೆ ಚಾಚಿದಳು.

ಶೀತಲ ತೆಗೆದುಕೊಳ್ಳಲಿಲ್ಲ.

"ಅದು ನಿಮ್ಮ ಹಂತ್ಯಾಕ ಇರ್ಲಿರಿ ಅಕ್ಕಾ. ಅವ್ವನ್ನ ನೋಡಾಕ ತಿಂಗಳಾ ತಿಂಗಳಾ ಅದನ್ನ ಹಾಕ್ಕೊಂಡ ನೀವು ಹೋಗಬೇಕಲ್ರಿ."

ಒಳಗೆ ಸೀಟಿ ಊದಿದರು. ಹುಡುಗಿ ಓಡಿದಳು. ಪ್ರಮಿಳಾ ಗೇಟಿನ ಹೊರಗೆ ನಿಂತು ಜಾಕೀಟನ್ನು ಮತ್ತೆ ತೊಟ್ಟುಕೊಂಡಳು.