ಆರ್ಡರಿಗೆ ಕಾದ ಕೆಳಬ್ಲಾಕು

ಕರ್ನಲ್ ಶಾಂತವೀರಪ್ಪನವರು ನಮ್ಮ ಕಂಪನಿಗೆ ಜನರಲ್ ಮ್ಯಾನೇಜರಾಗಿ ಬಂದ ಮೊದಲ ಬೆಳಿಗ್ಗೆ, ಹಾಜರಿಯ ಮಸ್ಟರಿನಲ್ಲಿ ನೂರಾ ಹತ್ತು ಆಳುಗಳು ಕೆಮ್ಮದೆ ನಿಂತಿದ್ದರು. ಗೋಣಿಬೀಡಿನ ಸುತ್ತ ಅಂಥ ಮೌನವನ್ನು ನಾನು ಸ್ಮಶಾನದಲ್ಲೂ ಕಂಡವನಲ್ಲ. ಇಪ್ಪತ್ತೆರಡು ವರ್ಷ ಈ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರಾಗಿ ಹಾಜರಿ ಕೂಗಿ ಕೂಗಿ ನನ್ನ ಗಂಟಲೇ ಹೋಗಿದೆ. ಅವರು ಕೂಗಲೇ ಇಲ್ಲ. ಮೆಲ್ಲಗೆ ಮಾತಾಡಿದರು, ಕೊನೆಯ ಸಾಲಿಗೂ ಕೇಳಿಸಿತು. ನಾನು ಅವತ್ತೇ ಶರಣಾಗಿಬಿಟ್ಟೆ.

ಎಸ್ಟೇಟೆಂದರೆ ಮೊದಲಿನಿಂದಲೂ ಅರ್ಧ ಪಟಾಲಮ್ಮೇ. ಮಸ್ಟರು, ಲೈನು, ಮೇಸ್ತ್ರಿ ಎಲ್ಲ ಬಿಳಿಯರ ಕಾಲದಿಂದ ಇದ್ದದ್ದು. ಉಳಿದರ್ಧವನ್ನು ಈಗ ಕಂಪನಿ ಪೂರ್ತಿ ಮಾಡಿತು. ಯಾರು ಯಾರ ಮಾತು ಕೇಳಬೇಕೆಂಬ ಪಟವೊಂದು ಆಫೀಸಿನ ಗೋಡೆಗೆ ಬಂತು. ಮೇಲೆ ಕರ್ನಲ್, ಅವರ ಕೆಳಗೆ ಮ್ಯಾನೇಜರ್ ಅಶ್ವಿನ್, ಆಮೇಲೆ ನಾನು, ಕೊನೆಗೆ ಮೇಸ್ತ್ರಿಗಳು. ಜನ್ಮದಲ್ಲಿ ಕೋವಿ ಮುಟ್ಟದ ಅಶ್ವಿನ್ ಸಾಹೇಬರು ಗೊಬ್ಬರ ಹಾಕುವುದನ್ನೂ 'ಆಪರೇಷನ್' ಎನ್ನತೊಡಗಿದರು. ಸ್ಪ್ರಿಂಕ್ಲರ್ ಎಂಜಿನ್ ಬಿಡಬೇಕಾದರೆ ಕರ್ನಲ್ಲರ ಲಿಖಿತ ಆರ್ಡರ್ ಬೇಕು, ಅದು ಅಶ್ವಿನ್ ಮೂಲಕವೇ ಬರಬೇಕು ಎಂಬ ನಿಯಮವೂ ಆಯಿತು.

ಫೆಬ್ರವರಿ ಕೊನೆಯಲ್ಲಿ ಒಂದು ಮಧ್ಯಾಹ್ನ ಮೂರು ಗಂಟೆಗೆ ಇದ್ದಕ್ಕಿದ್ದ ಹಾಗೆ ಮಳೆ ಬಂತು, ಇಪ್ಪತ್ತು ನಿಮಿಷಕ್ಕೆ ನಿಂತಿತು. ಅಳೆದು ನೋಡಿದರೆ ಮೂವತ್ತು ಸೆಂಟು. ನೂರು ಸೆಂಟಾದರೆ ಒಂದು ಇಂಚು. ರೋಬಸ್ಟಾ ಗಿಡ ಹೂವಾಗಲು ಅಷ್ಟಾದರೂ ಬೇಕು. ಮೂವತ್ತು ಸೆಂಟೆಂದರೆ ಮಲಗಿದ ಮಗುವನ್ನು ಎಬ್ಬಿಸಿ ಹಾಲು ಕೊಡದೆ ಕೂರಿಸಿದ ಹಾಗೆ. ಎದ್ದ ಮೊಗ್ಗಿಗೆ ಬೇಗ ನೀರು ಸಿಗದಿದ್ದರೆ ಕರಟುತ್ತದೆ, ಅದರ ಜೊತೆಗೆ ವರ್ಷದ ಫಸಲೂ ಹೋಗುತ್ತದೆ.

ನೀರಿನ ಮೇಸ್ತ್ರಿ ಯಶೋದಾ ಮೊಗ್ಗೊಂದನ್ನು ಉಗುರಿನಲ್ಲಿ ಸೀಳಿಕೊಂಡು ಆಫೀಸಿಗೆ ಓಡಿಬಂದಳು.

"ನೋಡಿ ರೈಟ್ರೇ, ಎದ್ದಿದೆ. ನಾಡಿದ್ದಿನೊಳಗೆ ನೀರು ಬೀಳ್ಲೇಬೇಕು. ಮೇಲ್ಬ್ಲಾಕು, ಕೆಳಬ್ಲಾಕು, ಎರಡಕ್ಕೂ ಎಂಜಿನ್ ಬಿಡಾಣ."

ಬೆಂಗಳೂರಿನ ಮೀಟಿಂಗಿನಲ್ಲಿದ್ದ ಅಶ್ವಿನ್‌ಗೆ ಫೋನ್ ಮಾಡಿದೆ. "ರಿಪೋರ್ಟ್ ಕಳಿಸಿ. ಕರ್ನಲ್ ಸರ್ ಟೂರ್‌ನಲ್ಲಿದ್ದಾರೆ. ಆರ್ಡರ್ ಬರೋವರೆಗೆ ಯಾರೂ ಎಂಜಿನ್ ಮುಟ್ಟಬಾರ್ದು. ಡಿಸಿಪ್ಲಿನ್, ಧರ್ಮೇಶ್!" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು.

"ಮೊಗ್ಗಿಗೆ ಆರ್ಡರ್ ಓದಕ್ಕೆ ಬರಲ್ಲ ಮಾರಾಯ್ರೆ," ಎಂದು ಯಶೋದಾ ಹೊರಟಳು. ಪೈಪಿನ ಆಳುಗಳನ್ನು ಕರೆದುಕೊಂಡು ಮೇಲ್ಬ್ಲಾಕಿನ ಎಂಜಿನ್ ಬಿಟ್ಟೇಬಿಟ್ಟಳು. ಕೆಳಬ್ಲಾಕಿನ ಎಂಜಿನ್ ಶೆಡ್ಡಿನ ಬೀಗದ ಕೈ ಮಾತ್ರ ನನ್ನ ಸುಪರ್ದಿನಲ್ಲಿತ್ತು.

"ಅದನ್ನೂ ತೆಗೀರಿ. ಕೆಲ್ಸ ಹೋದ್ರೆ ನಂದು ಹೋಗ್ಲಿ," ಎಂದಳು.

ನಾನು ತೆಗೆಯಲಿಲ್ಲ. ಸುಳ್ಳು ಯಾಕೆ ಹೇಳಲಿ, ಹೆದರಿದೆ.

ಆರ್ಡರ್ ನಾಲ್ಕನೇ ದಿನ ಬಂತು, ಯಶೋದಾ ಹೇಳಿದ ಗಡುವು ದಾಟಿದ ಮೇಲೆ. ಅದರ ಹಿಂದೆಯೇ ಅಶ್ವಿನ್ ಬಂದು ಯಶೋದಾಳನ್ನು ಸಸ್ಪೆಂಡ್ ಮಾಡಿದರು, ಕರ್ನಲ್ಲರೇ ವಿಚಾರಣೆ ಮಾಡುತ್ತಾರೆಂದರು. ಅವಳಿಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಗಂಡ ಇಲ್ಲ. ಕೆಲಸ ಹೋದರೆ ಎಸ್ಟೇಟು ಕೊಟ್ಟ ಲೈನಿನ ಮನೆಯನ್ನೂ ಬಿಡಬೇಕು.

ಮಳೆಯಾದ ಒಂಬತ್ತನೇ ದಿನ ಬೆಳಿಗ್ಗೆ ಕರ್ನಲ್ ಬಂದರು. ಅಶ್ವಿನ್ ಫೈಲು ಚಾಚಿದರೆ, "ಮೊದ್ಲು ತೋಟ ನೋಡೋಣ," ಎಂದು ಹೊರಟೇಬಿಟ್ಟರು. ಫೈಲು ಹಿಡಿದ ಅಶ್ವಿನ್, ಯಶೋದಾ, ನಾನು ಹಿಂದೆ.

ಮೇಲ್ಬ್ಲಾಕು ಹೂವಾಗಿತ್ತು. ಎಲೆ ಕಾಣದ ಹಾಗೆ, ರೆಂಬೆಯ ಗೆಣ್ಣುಗೆಣ್ಣಿಗೂ ಹೂವು. ಆ ಪರಿಮಳಕ್ಕೆ ತಲೆ ತಿರುಗುವ ಹಾಗಾಯಿತು. ಜೇನ್ನೊಣಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಪ್ರತಿ ವರ್ಷ ನೋಡುತ್ತೇನೆ, ಪ್ರತಿ ವರ್ಷವೂ ಬಾಯಿ ಬಿಟ್ಟುಕೊಂಡು ನಿಲ್ಲುತ್ತೇನೆ. ಕರ್ನಲ್ ಟೋಪಿ ತೆಗೆದರು.

"ಆರ್ಡರ್ ಯಾರು ಕೊಟ್ರಮ್ಮ?"

"ಯಾರೂ ಕೊಡ್ಲಿಲ್ಲ ಸಾರ್. ಮೊಗ್ಗು ಎದ್ದಿತ್ತು. ಕಾದಿದ್ರೆ ಸಾಯ್ತಿತ್ತು."

ಕರ್ನಲ್ ಅಶ್ವಿನ್ ಕಡೆ ತಿರುಗಿದರು. "ಎದುರಿಗೆ ನಿಂತೋನಿಗೆ ಕಾಣೋದು ಹಿಂದೆ ಕೂತೋನಿಗೆ ಕಾಣಲ್ಲ ಅಂತ ಸೇನೆ ನನಗೆ ಮೂವತ್ತು ವರ್ಷ ಕಲಿಸ್ತು. ಇಲ್ಲಿ ಬಂದು ನಿಯಮ ಮಾಡೋವಾಗ ಅದನ್ನೇ ಮರ್ತೆ." ಫೈಲು ತೆಗೆದುಕೊಂಡು ನಿಂತಲ್ಲೇ ಬರೆದರು: 'ತಪ್ಪು ನನ್ನದು. ಯಶೋದಾ ಇಂದೇ ಕೆಲಸಕ್ಕೆ ಬರಲಿ.' ಕೆಳಗೆ ಸಹಿ. ಐದು ಮ್ಯಾನೇಜರುಗಳನ್ನು ಕಂಡವನು ನಾನು. ಆ ಮೊದಲ ಎರಡು ಪದಗಳನ್ನು ಒಬ್ಬರೂ ಬರೆದದ್ದು ಕಂಡಿರಲಿಲ್ಲ. ಯಶೋದಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಅವರು ಕೆಳಬ್ಲಾಕಿಗೆ ಇಳಿದರು. ಅಲ್ಲಿ ಒಂದು ಹೂವಿಲ್ಲ. ಮೊಗ್ಗುಗಳೆಲ್ಲ ಕಂದು ತಿರುಗಿದ್ದವು, ಮುಟ್ಟಿದರೆ ಪುಡಿಯಾಗುತ್ತಿದ್ದವು.

"ಇಲ್ಲಿ ಯಾರಿದ್ರು?"

"ನಾನು ಸಾರ್. ಆರ್ಡರಿಗೆ ಕಾದೆ."

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕರಟಿದ ಮೊಗ್ಗೊಂದನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಕಾಯೋಕೆ ಹೇಳಿದ್ದು ನಾವು ಧರ್ಮೇಶ್. ಇದನ್ನೂ ನನ್ನ ಹೆಸರಿಗೇ ಬರೀರಿ," ಎಂದು ಫೈಲನ್ನು ನನ್ನ ಕೈಗಿಟ್ಟು ನಡೆದುಬಿಟ್ಟರು.

ಕಲ್ಲಿನ ಮೇಲೆ ಕೂತು ಪೆನ್ನು ತೆಗೆದೆ. ಯಶೋದಾ ಪಕ್ಕದಲ್ಲೇ ನಿಂತಿದ್ದಳು. ಕೆಳಬ್ಲಾಕು, ಹೂವು ಇಲ್ಲ, ತಪ್ಪು ಯಾರದೆಂಬಲ್ಲಿ ನನ್ನ ಹೆಸರು ಬರೆದೆ. ಕರ್ನಲ್ಲರ ಆರ್ಡರನ್ನು ನಾನು ಮೀರಿದ್ದು ಅದೊಂದೇ ಸಲ.